ಕಳವಾ ಅಡುಗೆಮನೆಯ ಕೋನ್ ಶಂಖ

ನಮ್ಮವರು ಈ ಕಥೆಯನ್ನು ಹೇಳುವುದು ಒಂದೇ ಬಗೆಯಲ್ಲಿ. ಡೊಂಬಿವಿಲಿಯ ಕನ್ನಡ ಸಂಘದ ಸಭೆ ಇರಲಿ, ಐರೋಲಿಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ ಇರಲಿ, "ಶಾರದಕ್ಕನ ಮೇಲೆ ಸಮುದ್ರದ ವಿಷಜಂತು ದಾಳಿ ಮಾಡಿತು" ಎನ್ನುತ್ತಾರೆ. ಕಾಲೇಜಿನ ವರ್ಷಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಇಂಥ ವಾಕ್ಯ ಕೇಳಿದರೆ ಬಾಯಿ ಸುಮ್ಮನಿರುವುದಿಲ್ಲ. ದಾಳಿ ಮಾಡಿತು ಅನ್ನಬೇಕಾದರೆ ಅದು ಶಾರದಕ್ಕನನ್ನು ಹುಡುಕಿಕೊಂಡು ಬಂದಿರಬೇಕು. ಶಾರದಕ್ಕ ಇದ್ದದ್ದು ಕಳವಾ ಸ್ಟೇಷನ್ನಿನಿಂದ ಆಚೆ, ಮೂರನೇ ಮಾಳಿಗೆಯ ಮನೆಯಲ್ಲಿ, ಅಡುಗೆಮನೆಯ ಸಿಂಕಿನ ಎದುರು. ಕಾಲಿಲ್ಲದ, ತೆವಳಿಕೊಂಡು ಹೋಗುವ ಒಂದು ಬಸವನಹುಳು ಲಕ್ಷದ್ವೀಪದಿಂದ ಅಲ್ಲಿಗೆ ಹೇಗೆ ಬಂತು? ಲಿಫ್ಟ್ ಹತ್ತಿ ಬಂತೇ?

ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹವಳದ ದಿಬ್ಬಗಳಲ್ಲಿ ಜನರಿಗೆ ಪ್ರಾಣಿ ತೋರಿಸುವ ಕೆಲಸಕ್ಕೆ ಈಗ ಹುಡುಗ ಹುಡುಗಿಯರು ಬಹಳ ಬರುತ್ತಿದ್ದಾರೆ. ಫೋನಿನಲ್ಲಿ ನೋಡಿದ ಎರಡು ವಿಡಿಯೊ ನಂಬಿ ಬರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಸಮುದ್ರಕ್ಕಿಳಿಯುವ ಗೈಡ್ ಕೆಲಸದಿಂದ ನಾನು ನಿವೃತ್ತಳಾಗಿ ಒಂದು ವರ್ಷವಾಯಿತು. ಮೂವತ್ತನಾಲ್ಕಕ್ಕೆ ನಿವೃತ್ತಿ ಎಂದರೆ ನಗುವವರುಂಟು. ನಮ್ಮ ಕೆಲಸದಲ್ಲಿ ವಯಸ್ಸಿಗೆ ಮೊದಲು ಕಿವಿ ಹೋಗುತ್ತದೆ. ನೀರಿನ ಒತ್ತಡಕ್ಕೆ ನನ್ನ ಬಲಗಿವಿಯ ಒಳಭಾಗ ಹರಿದು, ಈಗಲೂ ದಿನವಿಡೀ ಒಳಗೆ ಪ್ರೆಶರ್ ಕುಕ್ಕರ್ ಕೂಗುತ್ತಿರುತ್ತದೆ. ಡಾಕ್ಟರು, "ಈಜುಕೊಳದ ತಳಕ್ಕೂ ಇಳಿಯಬೇಡಿ" ಎಂದರು. ಅಮ್ಮನಿಗೆ ಸಮಾಧಾನವಾಯಿತು. ಉಡುಪಿಯಿಂದ ಬಂದು ಡೊಂಬಿವಿಲಿಯಲ್ಲಿ ಸಂಸಾರ ಮಾಡಿದವಳು ಅವಳು. "ಮೀನು ತಿನ್ಲಿಕ್ಕೆ ಉಂಟು, ನೋಡ್ಲಿಕ್ಕೆ ಎಂತಕ್ಕೆ ಹೋಗುದು?" ಎನ್ನುವುದು ಅವಳ ಮೊದಲಿನಿಂದಲೂ ಇರುವ ವಾದ. ಆ ವಾದಕ್ಕೆ ನಾನು ಇವತ್ತಿನವರೆಗೂ ಸರಿಯಾದ ಉತ್ತರ ಕೊಟ್ಟಿಲ್ಲ.

ನನಗೆ ಕೆಲಸ ಕಲಿಸಿದವರು ಬಸವರಾಜ ಸರ್. ಗದಗಿನ ಕಡೆಯವರು. ಊರ ಬಾವಿಯಲ್ಲಿ ಈಜು ಕಲಿತು, ಸಮುದ್ರದ ಎಣ್ಣೆಬಾವಿಗಳ ಕಟ್ಟೆಗಳ ಕೆಳಗೆ ವೆಲ್ಡಿಂಗ್ ಮಾಡಿ, ಕೊನೆಗೆ ನವಿ ಮುಂಬೈಯಲ್ಲಿ ಡೈವಿಂಗ್ ಶಾಲೆ ತೆರೆದವರು. ಶಾಲೆ ಎಂದರೆ ಒಂದು ಟೆಂಪೊ, ಒಂದಿಷ್ಟು ಸಿಲಿಂಡರು, ಮತ್ತು ಐರೋಲಿಯ ಹೋಟೆಲೊಂದರ ಹಿಂದಿನ ಈಜುಕೊಳ. ಹೋಟೆಲು ಶಾರದಕ್ಕನ ಗಂಡ ಸುಧಾಕರಣ್ಣನದು. ಕೊಳವನ್ನು ಅವರು ನಮಗೆ ಪ್ರೀತಿಯಿಂದ ಬಿಟ್ಟುಕೊಟ್ಟಿದ್ದರು. ಪ್ರೀತಿ ನಿಂತರೆ ಶಾಲೆಯೂ ನಿಲ್ಲುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು.

ಸರ್ ಅವರ ಪಾಠ ವಿಚಿತ್ರವಾಗಿತ್ತು. ಕೊಳದ ತಳದಲ್ಲಿ ಪಾತ್ರೆ ತಿಕ್ಕುವ ಸ್ಟೀಲ್ ಜುಂಗು, ಹಳೆಯ ಬಾಚಣಿಗೆ, ಹೀರೇಕಾಯಿ ನಾರು, ಮಕ್ಕಳ ರಬ್ಬರ್ ಹಾವು ಎಲ್ಲ ಇಟ್ಟು, ಅವುಗಳ ಮೇಲಿಂದ ಈಜಿ ಹೋಗಬೇಕು ಎನ್ನುತ್ತಿದ್ದರು. ಬೆರಳು ತಾಗಿದರೆ ಎಲ್ಲರಿಗೂ ವಡಾಪಾವ್ ಕೊಡಿಸುವ ಶಿಕ್ಷೆ. "ಕೈ ಎದಿಗೆ ಕಟ್ಟಿಕೊಂಡು ಹೋಗ್ರಿ. ಸಮುದ್ರದಾಗ ನಮ್ಮ ಕೈಗೆ ಕೆಲಸಾ ಇಲ್ಲ, ಕಣ್ಣಿಗೆ ಅಷ್ಟ ಐತಿ."

ನಾನು ಮೊದಲ ದಿನವೇ ವಾದಕ್ಕೆ ನಿಂತೆ. "ಸರ್, ಕೈಗವಸು ಹಾಕಿದರೆ ಸಾಕಲ್ಲ?"

"ಗವಸು ಹಾಕಿದ ಕೈಗೆ ಧೈರ್ಯ ಬರತೈತಿ, ಸ್ವಾತಿ. ಬುದ್ಧಿ ಬರೂದಿಲ್ಲ."

ಅದು ಉತ್ತರವಲ್ಲ, ನುಡಿಗಟ್ಟು ಎಂದು ಆಗ ಅಂದುಕೊಂಡಿದ್ದೆ. ಅಂಡಮಾನಿನಲ್ಲಿ ಮೊದಲ ಹಂಗಾಮಿನಲ್ಲೇ ಉತ್ತರ ಸಿಕ್ಕಿತು. ಫೋಟೊಗಾಗಿ, ಕೈಗವಸು ಹಾಕಿಕೊಂಡಿದ್ದ ಒಬ್ಬರು ಅತಿಥಿ ಮರಳಿನ ಮೇಲೆ ಮಂಡಿಯೂರುತ್ತಿದ್ದರು. ಪಾಚಿ ಹಿಡಿದ ಒಂದು ಕಲ್ಲಿನ ಮೇಲೆ ಕೈಯೂರಲು ಹೋದರು. ಕಲ್ಲಿಗೆ ಕೆಳಕ್ಕೆ ಬಾಗಿದ ಬಾಯಿ ಇರುವುದು ನನಗೆ ಕಂಡಿತು, ಕಂಡರೂ ಅದು ಬಾಯಿ ಎಂದು ಮನಸ್ಸು ಒಪ್ಪಲಿಲ್ಲ. ಸರ್ ಹಿಂದಿನಿಂದ ಬಂದು ಆ ಮನುಷ್ಯನ ಸಿಲಿಂಡರಿನ ಕುತ್ತಿಗೆ ಹಿಡಿದು ಚೀಲ ಎತ್ತಿದ ಹಾಗೆ ಮೇಲಕ್ಕೆತ್ತಿದರು. ಕಲ್ಲುಮೀನು. ಬೆನ್ನಿನ ಮುಳ್ಳಿನಲ್ಲಿ ವಿಷ. ತಾಗಿದರೆ ಆ ನೋವಿಗೆ ಕೈ ಕತ್ತರಿಸಿ ಎಂದು ಗೋಗರೆದವರಿದ್ದಾರಂತೆ. "ಆ ಕಲ್ಲು ನನ್ನ ನೋಡಿ ಕಣ್ಣು ಮಿಟುಕಿಸ್ತು" ಎಂದು ಆ ಅತಿಥಿ ಈಗಲೂ ಹೇಳಿಕೊಂಡು ತಿರುಗುತ್ತಾರೆ. ಮೀನಿಗೆ ರೆಪ್ಪೆಯೇ ಇಲ್ಲ. ಅದು ಏನನ್ನೂ ಮಾಡಲಿಲ್ಲ. ಅದರ ಅಪಾಯ ಇರುವುದೇ ಅಲ್ಲಿ.

ಹೊಸಬರು ಕೇಳುವುದು ಶಾರ್ಕ್ ಬಗ್ಗೆ. ನನ್ನನ್ನು ಬೆವರಿಸಿದ್ದು ಟ್ರಿಗರ್ ಮೀನು. ದೊಡ್ಡ ಜಾತಿಯದು, ಮೊಟ್ಟೆ ಕಾಯುವಾಗ ಬುಲ್‌ಡಾಗ್ ಇದ್ದ ಹಾಗೆ. ಬೆಂಗಳೂರಿನಿಂದ ಬಂದು ಖಾರ್ಘರ್‌ನಲ್ಲಿ ನೆಲೆಸಿದ ಇಬ್ಬರು, ನಿಖಿಲ್ ಮತ್ತು ಅವನ ಹೆಂಡತಿ ಅಪೂರ್ವಾ, ಅವತ್ತು ನನ್ನ ಜೊತೆಗಿದ್ದರು. ಮೀನು ನುಗ್ಗಿತು. ನಿಖಿಲ್ ಮೇಲಕ್ಕೆ ಹೊರಟ. ಎಲ್ಲರಿಗೂ ಮೊದಲು ಬರುವ ಬುದ್ಧಿ ಅದೇ, ಕೆಳಗೆ ಅಪಾಯವಿದ್ದರೆ ಮೇಲಕ್ಕೆ ಓಡು. ಆದರೆ ಆ ಮೀನು ತನ್ನದೆಂದು ಕಾಯುವ ಜಾಗ ಗೂಡಿನಿಂದ ಮೇಲಕ್ಕೆ ಆಲಿಕೆಯ ಹಾಗೆ ಅಗಲವಾಗುತ್ತ ಹೋಗುತ್ತದೆ. ಮೇಲೆ ಹೋದಷ್ಟೂ ನೀವು ಅದರ ಅಂಗಳದಲ್ಲೇ ಇರುತ್ತೀರಿ. ಅವನ ಕಾಲಿನ ರಬ್ಬರ್ ರೆಕ್ಕೆಯಿಂದ ಒಂದು ತುಂಡು ಹೋಯಿತು. ನಾನು ಅವನ ತೋಳು ಹಿಡಿದು ಪಕ್ಕಕ್ಕೆ, ನೆಲಕ್ಕೆ ಸಮವಾಗಿ ಎಳೆದುಕೊಂಡು ಹೋದೆ. ದೋಣಿಗೆ ಬಂದ ಮೇಲೆ ಅವನು, "ಮೇಡಂ, ಈ ಲಾಜಿಕ್ ಮೊದ್ಲೇ ಹೇಳ್ಬಾರ್ದಿತ್ತಾ?" ಎಂದ. ಹೇಳಿದ್ದೆ. ಆಗ ಅವನು ಕ್ಯಾಮೆರಾ ಚಾರ್ಜ್ ಎಷ್ಟಿದೆ ಎಂದು ನೋಡುತ್ತಿದ್ದ.

ಇನ್ನು ಮ್ಯಾಂಟಿಸ್ ಸೀಗಡಿ. ನವಿಲಿನ ಬಣ್ಣ, ತನ್ನಷ್ಟಕ್ಕೆ ತಾನು ಹೊರಳುವ ಎರಡು ಕಣ್ಣು, ಎದೆಗೆ ಮಡಿಚಿಟ್ಟ ಎರಡು ಗದೆ. ಅದು ಅಕ್ವೇರಿಯಂ ಗಾಜು ಒಡೆಯುತ್ತದೆ ಎಂದು ಎಲ್ಲ ಗೈಡುಗಳೂ ಹೇಳುತ್ತಾರೆ. ನಾನು ನೋಡಿಲ್ಲ, ಆದ್ದರಿಂದ ಹೇಳುವುದಿಲ್ಲ. ನೋಡಿದ್ದು ಇಷ್ಟು: ಒಂದು ಏಡಿ ಅದರ ಬಿಲದ ಮುಂದೆ ಹಾದುಹೋಯಿತು, ಪಟ್ ಎಂದು ಸದ್ದು ಕೇಳಿತು, ಏಡಿಯ ಚಿಪ್ಪು ಹೋಳಾಯಿತು. ಹೊಡೆತ ನನ್ನ ಕಣ್ಣಿಗೆ ಸಿಗಲೇ ಇಲ್ಲ. ನಿಮಗೆ ಕಂಡದ್ದನ್ನಷ್ಟೇ ಅತಿಥಿಗಳಿಗೆ ಹೇಳಿ. ಸಮುದ್ರಕ್ಕೆ ನಿಮ್ಮ ಒಗ್ಗರಣೆ ಬೇಡ.

ನಾನು ಸೇರಿದಾಗ ಗೈಡುಗಳ ಕೈಯಲ್ಲೊಂದು ಉಕ್ಕಿನ ಕಡ್ಡಿ ಇರುತ್ತಿತ್ತು. ಅದರಿಂದ ತಿವಿದು ಆಕ್ಟೋಪಸ್ಸಿನ ಬಣ್ಣ ಬದಲಿಸುವುದು, ಮುಳ್ಳುಮೀನನ್ನು ಹೆದರಿಸಿ ಬಲೂನಿನಂತೆ ಉಬ್ಬಿಸುವುದು ಆಗಿನ ಪದ್ಧತಿ. ಅತಿಥಿಗೆ ಪೈಸಾ ವಸೂಲ್ ಆಗಬೇಕಲ್ಲ. ಸರ್ ಒಂದು ದಿನ ಕಡ್ಡಿಗಳನ್ನೆಲ್ಲ ಕಿತ್ತುಕೊಂಡು ಟೆಂಪೊದ ಸೀಟಿನ ಕೆಳಗೆ ಹಾಕಿದರು. ಆಮೇಲೆ ಬಂದದ್ದು ಬಾಲ್ದಿಯ ನಿಯಮ. ದೋಣಿ ಹತ್ತಿದ ಕೂಡಲೇ ಪ್ರತಿಯೊಬ್ಬರೂ ಜಾಕೆಟ್ಟಿನ ಕಿಸೆಗಳನ್ನು ಬಾಲ್ದಿಯ ಮೇಲೆ ಮಗುಚಿ ತೋರಿಸಬೇಕು. ಹವಳದ ಚೂರು, ಚಿಪ್ಪು, ಏನು ಬಿದ್ದರೂ ಅಲ್ಲೇ ವಾಪಸು ಸಮುದ್ರಕ್ಕೆ. ಅತಿಥಿಗಳಿಗೆ ಸಿಟ್ಟು ಬರುತ್ತಿತ್ತು. "ನಾವೇನು ಕಳ್ಳರಾ?" ಎಂದವರಿಗೆ ಸರ್, "ಅಲ್ರಿ, ಕಳ್ಳರಾಗಿದ್ರ ನಾನ ಕಿಸೇದಾಗ ಕೈ ಹಾಕತಿದ್ದೆ. ನೀವ ತೋರಸ್ರಿ" ಎನ್ನುತ್ತಿದ್ದರು. ಆ ನಿಯಮದ ಕಾರಣಕ್ಕೇ ನಾನು ಅವರನ್ನು ಬೇರೆ ಬೋಧಕರಿಗಿಂತ ಮೇಲೆ ಇಟ್ಟಿದ್ದೆ.

ಕೋನ್ ಶಂಖವನ್ನು ನನಗೆ ತೋರಿಸಿದ್ದೂ ಅವರೇ. ಇಳಿಹೊತ್ತು, ಲಕ್ಷದ್ವೀಪದ ಒಂದು ದಿಬ್ಬದ ಅಂಚು. ಗುಲಾಬಿ ಕಂದು ಮೋಡಗಳ ನಡುವೆ ಸಣ್ಣ ಬಲೆಯ ಗೆರೆ ಎಳೆದಂಥ ಚಿಪ್ಪು, ಅಂಗೈಯಷ್ಟು ಉದ್ದ. ಮುಂದೆ ಒಂದು ಕೊಳವೆ ಚಾಚಿ ನೀರನ್ನು ಮೂಸುತ್ತಿತ್ತು. ಆಮೇಲೆ ಅದರ ಬಾಯಿ ಬಲೆಯ ಹಾಗೆ ಅಗಲವಾಯಿತು, ಸಂದಿಯಲ್ಲಿ ನಿದ್ದೆ ಹೋಗಿದ್ದ ಮೀನೊಂದು ಇದ್ದಲ್ಲೇ ಒಳಗೆ ಹೋಯಿತು. ಓಟವಿಲ್ಲ, ಒದ್ದಾಟವಿಲ್ಲ. ಸರ್ ತಮ್ಮ ಎರಡು ಕೈಗಳನ್ನೂ ಕಂಕುಳಲ್ಲಿ ಇಟ್ಟುಕೊಂಡು ನೋಡುತ್ತಿದ್ದರು. ಮೇಲೆ ಬಂದ ಮೇಲೆ ಹೇಳಿದರು. ಒಳಗೆ ಟೊಳ್ಳು ಸೂಜಿಯಂಥ ಹಲ್ಲು ಇದೆ, ಚುಚ್ಚಿದ್ದು ಸರಿಯಾಗಿ ಗೊತ್ತೂ ಆಗುವುದಿಲ್ಲ. ನಾಲಿಗೆ ತೊದಲುತ್ತದೆ, ರೆಪ್ಪೆ ಬೀಳುತ್ತದೆ, ಕೊನೆಗೆ ಉಸಿರೆಳೆಯುವ ಸ್ನಾಯು ಮಲಗುತ್ತದೆ. "ಮದ್ದಿಲ್ಲ. ವಿಷ ಇಳಿಯೂತನಕ ಯಾರರ ನಿಮ್ಮ ಪರವಾಗಿ ಉಸರಾಡಬೇಕು. ಅಷ್ಟ." ಆ ಚಿಪ್ಪನ್ನು ಕತ್ತಲಲ್ಲಿ ಮುಟ್ಟಿದರೂ ಗುರುತು ಹಿಡಿಯುತ್ತೇನೆ ಎಂದು ಅವತ್ತು ಜಂಬದಿಂದ ಹೇಳಿದ್ದರು.

ಬೇರೆಯವರ ಪರವಾಗಿ ಉಸಿರಾಡುವುದನ್ನೂ ನಾವು ಐರೋಲಿಯ ಕೊಳದಲ್ಲೇ ಕಲಿಸುತ್ತಿದ್ದೆವು. ಉಸಿರು ಊದಿ, ಆಮೇಲೆ ಎಣಿಸಬೇಕು: ಒಂದು ಆನೆ, ಎರಡು ಆನೆ, ಮೂರು ಆನೆ, ನಾಲ್ಕು ಆನೆ, ಮತ್ತೆ ಉಸಿರು. ಗಾಬರಿಯಲ್ಲಿ ಜನ ಬೇಗ ಎಣಿಸುತ್ತಾರೆ, ಆನೆ ಸೇರಿಸಿದರೆ ನಿಧಾನವಾಗುತ್ತದೆ ಎಂಬುದು ಸರ್ ಅವರ ಲೆಕ್ಕ. ಸುಧಾಕರಣ್ಣ ಕೋರ್ಸಿಗೆ ಸೇರಿದಾಗ ಈ ಪಾಠದ ದಿನ ಕೊಳದ ಅಂಚಿನಲ್ಲಿ ಕುಳಿತು ನಗುತ್ತಿದ್ದರು. "ಈ ಪ್ರಾಯದಲ್ಲಿ ಗಂಡಸರಿಗೆ ಮುತ್ತು ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ರೆ." ಎಲ್ಲರೂ ನಕ್ಕರು. ಹೋಟೆಲು ಅವರದು. ಅವರ ಪಾಠ ಮುಗಿಯಿತು ಎಂದೇ ಸರ್ ಬರೆದುಕೊಂಡರು.

ಕಿವಿ ಹೋದ ಮೇಲೆ ನಾನು ನೆಲದ ಮೇಲಿನ ಕೆಲಸ ಮಾತ್ರ ನೋಡಿಕೊಳ್ಳುತ್ತಿದ್ದೆ. ಈ ಶಂಖ ಬಂದ ಲಕ್ಷದ್ವೀಪದ ಪ್ರವಾಸಕ್ಕೆ ಸರ್ ನನ್ನನ್ನು ಬಿಟ್ಟು ಹೋದರು. ಸುಧಾಕರಣ್ಣ, ನಿಖಿಲ್, ಅಪೂರ್ವಾ, ಮತ್ತೆ ಕೆಲವರು. ಮರಳುವಾಗ ವಿಮಾನದಲ್ಲಿ ಕೊಚ್ಚಿಗೆ, ಅಲ್ಲಿಂದ ಮುಂಬೈಗೆ, ಒಂದೇ ದಿನದಲ್ಲಿ ಎಲ್ಲರೂ ಮನೆ ಸೇರಿದರು.

ಮರುದಿನ ಬೆಳಿಗ್ಗೆ ನಾನು ಡೊಂಬಿವಿಲಿಯ ಮನೆಯಲ್ಲಿ ನೀರುದೋಸೆ ತಿನ್ನುತ್ತಿದ್ದೆ. ಡೈವಿಂಗ್ ಗುಂಪಿನ ವಾಟ್ಸಾಪ್‌ನಲ್ಲಿ ಸುಧಾಕರಣ್ಣನ ಫೋಟೊ ಬಂತು. ಸ್ಟೀಲ್ ಹರಿವಾಣ, ಎರಡು ದಾಸವಾಳ, ನಡುವೆ ಒಂದು ಚಿಪ್ಪು. ಕೆಳಗೆ: "ಲಕ್ಷದ್ವೀಪದ ಪ್ರಸಾದ. ಶಾರದಾಳ ದೇವರ ಕೋಣೆಗೆ ಸಮುದ್ರದಿಂದಲೇ ತಂದ ಶಂಖ." ಅಂಗಡಿಯಿಂದ ಕೊಂಡ ಶಂಖಕ್ಕಿಂತ ತಾನೇ ಕಂಡು ತಂದದ್ದು ಹೆಚ್ಚು ಎಂಬ ನಂಬಿಕೆ ನಮ್ಮ ಕರಾವಳಿಯವರದು. ಕೈಮುಗಿದ ಚಿತ್ರಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು. ನಾನು ಫೋಟೊವನ್ನು ದೊಡ್ಡದು ಮಾಡಿದೆ. ಗುಲಾಬಿ ಕಂದು ಮೋಡ. ಬಲೆಯ ಗೆರೆ. ಕಿರಿದಾದ ತುದಿಯಲ್ಲಿ ಉಗುರಿನಷ್ಟು ಹೊರಗೆ ಬಂದ ಒಂದು ಕೊಳವೆ.

ಬದುಕಿತ್ತು.

ಸುಧಾಕರಣ್ಣ ಫೋನ್ ಎತ್ತಲಿಲ್ಲ. ಶಾರದಕ್ಕ ಎತ್ತಿದರು. ನಲ್ಲಿಯ ಸದ್ದು ಕೇಳುತ್ತಿತ್ತು.

"ಎಂತ ಸ್ವಾತಿ, ಬೆಳಿಗ್ಗೆ ಬೆಳಿಗ್ಗೆ?"

"ಅಕ್ಕಾ, ಆ ಶಂಖ ಎಲ್ಲಿದೆ?"

"ಕೈಯಲ್ಲೇ ಉಂಟು. ತೊಳೀತಾ ಇದ್ದೇನೆ. ಪಾಚಿ ಎಂತ ಹಿಡ್ದಿದೆ ಮಾರಾಯ್ತಿ, ಹಳೇ ಬ್ರಶ್ಶಲ್ಲಿ ತಿಕ್ಕಿದ್ರೂ..."

"ಅಕ್ಕಾ, ತಿಕ್ಕಬೇಡಿ. ಅದರೊಳಗೆ ಹುಳ ಇದೆ. ಜೀವ ಇದೆ. ಮೆಲ್ಲಗೆ ಸಿಂಕಿನಲ್ಲಿ ಇಟ್ಟು ಕೈ ತೆಗೀರಿ."

"ಹುಳ ಇದ್ರೆ ಬಿಸಿನೀರು ಹಾಕಿದ್ರಾಯ್ತು. ನಮ್ಮಲ್ಲಿ ಚಿಪ್ಪು ಬೇಯ್ಸುದು ನೀನು ನೋಡ್ಲಿಲ್ವಾ? ನಿಂಗೆ ಎಲ್ಲದಕ್ಕೂ ವಾದ."

"ಇದು ವಾದ ಅಲ್ಲ ಅಕ್ಕಾ. ಇಡಿ. ಈಗ."

"ಆಯ್ತು ಆಯ್ತು, ಬೊಬ್ಬೆ ಹೊಡೀಬೇಡ..." ಎಂದವರು ಸಣ್ಣಗೆ, "ಸ್!" ಎಂದರು.

"ಏನಾಯ್ತು?"

"ಎಂತ ಇಲ್ಲ. ಬೆರಳಿಗೆ ಸೂಜಿ ತಾಗಿದ ಹಾಗೆ ಆಯ್ತು. ಚಿಪ್ಪಿನ ಅಂಚು ಇರ್ಬೇಕು. ರಕ್ತ ಸಹ ಬರ್ಲಿಲ್ಲ."

ನಾನು ದೋಸೆಯ ತಟ್ಟೆ ಬಿಟ್ಟು ಎದ್ದೆ. ಕುಳಿತುಕೊಳ್ಳಿ, ಕೈ ಅಲ್ಲಾಡಿಸಬೇಡಿ, ಅಣ್ಣನಿಗೆ ಫೋನ್ ಕೊಡಿ ಎಂದೆ. ಫೋಟೊ ಹಾಕಿ ಮತ್ತೆ ಮಲಗಿದ್ದ ಸುಧಾಕರಣ್ಣ ನಿದ್ದೆಗಣ್ಣಿನಲ್ಲಿ ಬಂದರು. ವಿಷಯ ಹೇಳಿದೆ. ಅವರು ನಕ್ಕರು.

"ಅದು ನನ್ನ ಬ್ಯಾಗಲ್ಲಿ ಒದ್ದೆ ಸಾಕ್ಸಲ್ಲಿ ಸುತ್ತಿ ಬಂದದ್ದು. ಬದುಕಿರ್ಲಿಕ್ಕೆ ಸಾಧ್ಯವೇ ಇಲ್ಲ. ಬಸವರಾಜರೇ ಇದ್ರಲ್ಲ ಜೊತೆಗೆ? ಒಂದು ಚಾ ಕುಡಿದ್ರೆ ಸರಿ ಆಗ್ತಾಳೆ."

"ಅಣ್ಣಾ, ನಾನು ಹೇಳುವುದು ಸುಳ್ಳಾದರೆ ಒಂದು ಬೆಳಿಗ್ಗೆ ಹಾಳಾಗುತ್ತದೆ, ನನಗೆ ಬೈದು ಮುಗಿಸಬಹುದು. ನೀವು ಹೇಳುವುದು ಸುಳ್ಳಾದರೆ? ಎರಡರಲ್ಲಿ ಯಾವ ತಪ್ಪಾದರೆ ಪರವಾಗಿಲ್ಲ, ನೀವೇ ಹೇಳಿ."

ಅಷ್ಟು ವರ್ಷ ಮಾಡಿದ ವಾದಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ. ಅವರು ಅಕ್ಕನ ಕಡೆ ತಿರುಗಿ ಏನೋ ಕೇಳಿದರು. ಆಮೇಲೆ ಅವರ ದನಿ ಬದಲಾಯಿತು. "ತುಟಿ ಜೋಮು ಹಿಡ್ದಿದೆ ಅಂತಾಳೆ."

ಅಣ್ಣನ ಮಂಡಿನೋವಿಗೆ ಕಟ್ಟುವ ಕ್ರೇಪ್ ಬ್ಯಾಂಡೇಜು ಮನೆಯಲ್ಲಿತ್ತು. ಬೆರಳಿನಿಂದ ತೋಳಿನವರೆಗೆ ಬಿಗಿಯಾಗಿ ಸುತ್ತಿ, ಲಟ್ಟಣಿಗೆ ಇಟ್ಟು ಕಟ್ಟಿ, ಕೈ ಮಡಿಸಲು ಬಿಡಬೇಡಿ ಎಂದೆ. ಚಿಪ್ಪಿನ ಮೇಲೆ ಸ್ಟೀಲ್ ಡಬ್ಬಿ ಮಗುಚಿ. ಅಕ್ಕನನ್ನು ನಡೆಸಬೇಡಿ, ಎತ್ತಿಕೊಂಡು ಹೋಗಿ. ಪಕ್ಕದ ಮನೆಯ ಸಾವಂತ್ ಕಾಕಾ ಕಾರು ತೆಗೆದರು. ಸುಧಾಕರಣ್ಣನಿಗೆ ಠಾಣೆ ನಗರದಲ್ಲಿರುವ ತಮ್ಮ ಮಾಮೂಲಿ ಡಾಕ್ಟರರ ಹತ್ತಿರವೇ ಹೋಗಬೇಕು. "ಅಣ್ಣಾ, ಖಾಡಿಯ ಸೇತುವೆ ಹತ್ತಿದರೆ ಟ್ರಾಫಿಕ್ಕಿನಿಂದ ಇಳಿಯುವುದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಹತ್ತಿರದಲ್ಲಿ ವೆಂಟಿಲೇಟರ್ ಎಲ್ಲಿದೆಯೋ ಅಲ್ಲಿಗೆ." ಕಾಕಾ ಹಿಂದೆ ನೋಡದೆ ಹೇಳಿದ್ದು ಫೋನಿನಲ್ಲಿ ಕೇಳಿತು: "ಪೋರ್‌ಗಿ ಬರೋಬರ್ ಬೋಲ್ತೆಯ್." ಹುಡುಗಿ ಸರಿ ಹೇಳ್ತಿದ್ದಾಳೆ.

ನಾನು ಆಗಲೇ ಸ್ಟೇಷನ್ನಿನಲ್ಲಿದ್ದೆ. ಫಾಸ್ಟ್ ಗಾಡಿ ಕಳವಾ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ, ಸ್ಲೋ ಹಿಡಿಯಬೇಕು. ಲೇಡೀಸ್ ಡಬ್ಬಿಯ ಬಾಗಿಲಲ್ಲಿ, ಒಂದು ಬೆರಳಿನಿಂದ ಕೆಟ್ಟ ಕಿವಿ ಮುಚ್ಚಿಕೊಂಡು, ಒಳ್ಳೆಯ ಕಿವಿಗೆ ಫೋನ್ ಒತ್ತಿ ನಿಂತೆ. ಗಾಡಿ ದಿವಾ ಬಿಟ್ಟಿತ್ತು. ಆ ಕಡೆ ಹಾರನ್ನುಗಳ ಸದ್ದು. ಕಾರು ಸ್ಟೇಷನ್ ರಸ್ತೆಯಲ್ಲಿ ಸಿಕ್ಕಿಕೊಂಡಿತ್ತು.

"ಕಣ್ಣು ಮುಚ್ಚಿದ್ಲು. ಕರೆದ್ರೆ ಮಾತಾಡುದಿಲ್ಲ. ಸ್ವಾತಿ, ಇವಳು ಮಾತಾಡುದಿಲ್ಲ!"

"ಎದೆ ಏರಿಳಿಯುತ್ತಿದೆಯಾ ನೋಡಿ."

"ಗೊತ್ತಾಗುದಿಲ್ಲ... ಇಲ್ಲ. ಇಲ್ಲ ಅನ್ನಿಸ್ತದೆ."

"ಕತ್ತಿನ ಪಕ್ಕ ನಾಡಿ?"

"ಉಂಟು. ಹೊಡೀತಾ ಉಂಟು."

"ತಲೆ ಹಿಂದಕ್ಕೆ ಬಾಗಿಸಿ. ಮೂಗು ಹಿಡಿಯಿರಿ. ಬಾಯಿಗೆ ಬಾಯಿ ಇಟ್ಟು ಊದಿ."

ಅವರು ತಗ್ಗಿದ ದನಿಯಲ್ಲಿ, "ಇಲ್ಲಿ ಎಲ್ಲರೂ ನೋಡ್ತಾ ಇದ್ದಾರೆ. ರಿಕ್ಷಾದವರೆಲ್ಲ ಬಗ್ಗಿ ನೋಡ್ತಾ ಇದ್ದಾರೆ. ಸಾವಂತ್ರೂ ಇದ್ದಾರೆ."

ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ. ಹತ್ತು ಜನರ ಎದುರು ಹೆಂಡತಿಯ ಕೈ ಹಿಡಿದವರಲ್ಲ. ನಮ್ಮ ಅಪ್ಪಂದಿರು ಯಾರು ಹಿಡಿದಿದ್ದಾರೆ? ಈ ಸಂಕೋಚವನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ನೀವು ಈ ಕೆಲಸಕ್ಕೆ ಬಂದರೆ ಇದನ್ನೂ ಒಂದು ಅಪಾಯವೆಂದು ಲೆಕ್ಕಕ್ಕೆ ಹಿಡಿಯಿರಿ. ಕಲ್ಲುಮೀನಿನಷ್ಟೇ ದೊಡ್ಡದು.

ನಾನು ಇಡೀ ಡಬ್ಬಿಗೆ ಕೇಳುವ ಹಾಗೆ ಕೂಗಿದೆ. "ನೋಡುವವರು ನೋಡಲಿ ಅಣ್ಣಾ! ಅಕ್ಕನಿಗೆ ಎಲ್ಲ ಕೇಳುತ್ತಿದೆ. ಆಕೆ ಒಳಗೆ ಎಚ್ಚರವಾಗಿಯೇ ಇದ್ದಾರೆ. ಕೂಗಲಿಕ್ಕೆ ಆಗುತ್ತಿಲ್ಲ, ಅಷ್ಟೇ. ಊದಿ!"

ಫೋನಿನಲ್ಲಿ ಬಟ್ಟೆ ಸರಿದ ಸದ್ದು. ಉಸಿರಿನ ಸದ್ದು.

"ಎದೆ ಎದ್ದಿತಾ?"

"ಎದ್ದಿತು."

"ಒಂದು ಆನೆ, ಎರಡು ಆನೆ, ಮೂರು ಆನೆ, ನಾಲ್ಕು ಆನೆ, ಉಸಿರು. ಒಂದು ಆನೆ, ಎರಡು ಆನೆ..."

ಮುಂಬ್ರಾದ ಗುಡ್ಡ ಒಂದು ಕಡೆ, ಖಾಡಿಯ ಉಪ್ಪುನೀರು ಇನ್ನೊಂದು ಕಡೆ ಸರಿಯುತ್ತಿತ್ತು. ನಾನು ಆನೆಗಳನ್ನು ಎಣಿಸುತ್ತಿದ್ದೆ. ಬಟಾಣಿ ಸುಲಿಯುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ, "ಕಾಯ್ ಝಾಲಂ ತಾಯಿ?" ಎಂದಳು. ಏನಾಯ್ತು ಎಂದು ಹೇಳಲು ನನ್ನ ಬಾಯಿಗೆ ಬಿಡುವಿರಲಿಲ್ಲ. ಅವಳೇ ಎದ್ದು ನನ್ನ ದುಪಟ್ಟಾ ಹಿಡಿದುಕೊಂಡು, ಬಾಗಿಲಿನಿಂದ ಒಳಗೆ ಎಳೆದು, ಹತ್ತುವವರನ್ನೆಲ್ಲ ಗದರುತ್ತ ನನ್ನ ಸುತ್ತ ಜಾಗ ಮಾಡಿಕೊಟ್ಟಳು. ಸುಧಾಕರಣ್ಣ ನಡುವೆ ಒಮ್ಮೆ ಅತ್ತರು. ಅಳುವಾಗ ಒಂದು ಉಸಿರು ತಪ್ಪಿತು. "ಅಳು ಆಮೇಲೆ ಅಣ್ಣಾ" ಎಂದೆ. ಅವರು ಮತ್ತೆ ಊದಿದರು. ಕಾರು ಯಾವಾಗ ಚಲಿಸಿತು, ಸ್ಟ್ರೆಚರು ಯಾವಾಗ ಬಂತು, ಒಂದೂ ನನಗೆ ಕಾಣಲಿಲ್ಲ. ಯಾವುದೋ ನರ್ಸಿನ ದನಿ, "ಸೋಡಾ ಕಾಕಾ, ಆಮ್ಹಿ ಘೇತೋ" ಎಂದಿತು. ಬಿಡಿ ಕಾಕಾ, ನಾವು ತಗೋತೀವಿ. ಆಗ ಎಣಿಕೆ ನಿಲ್ಲಿಸಿದೆ. ನನ್ನ ಗಾಡಿ ಆಗಷ್ಟೇ ಕಳವಾ ಸ್ಟೇಷನ್ನಿಗೆ ಬರುತ್ತಿತ್ತು.

ಎರಡು ದಿನ ಯಂತ್ರ ಶಾರದಕ್ಕನ ಪರವಾಗಿ ಉಸಿರಾಡಿತು. ಸುಧಾಕರಣ್ಣ ಬಾಗಿಲ ಹೊರಗೆ ಕುಳಿತು ಗಾಜಿನಲ್ಲಿ ಎದೆ ಏಳುವುದನ್ನೇ ನೋಡುತ್ತ, ತುಟಿಯಲ್ಲಿ ಆನೆ ಎಣಿಸುತ್ತಿದ್ದರು. ಮೂರನೆಯ ದಿನ ಅಕ್ಕನ ರೆಪ್ಪೆ ಎದ್ದಿತು. ಸ್ಟೀಲ್ ಡಬ್ಬಿಯ ಕೆಳಗಿದ್ದದ್ದು ಅಷ್ಟರಲ್ಲಿ ಸತ್ತು ನಾರುತ್ತಿತ್ತು. ಈ ಪ್ರಕರಣದಲ್ಲಿ ಹೋದ ಜೀವ ಅದೊಂದೇ. ನಮ್ಮವರ ಕಥೆಯಲ್ಲಿ ಅದಕ್ಕೆ ದಾಳಿಕೋರ ಎಂದು ಹೆಸರು.

ಮಾತು ಬಂದ ಮೇಲೆ ಶಾರದಕ್ಕ ನನಗೆ ಹೇಳಿದ್ದು: "ಪೂರಾ ಕೇಳ್ತಿತ್ತು ಸ್ವಾತಿ. ಎಲ್ಲರೂ ನೋಡ್ತಾರೆ ಅಂತ ಇವರು ಹೇಳಿದ್ದೂ ಕೇಳಿತು. ಒಳಗಿಂದ ನಾನು ಬೈದದ್ದು ಮಾತ್ರ ಅವರಿಗೆ ಕೇಳ್ಲಿಲ್ಲ, ಪುಣ್ಯ."

ಸಂಘದವರು ಸಭೆ ಮಾಡಿದರು. ಬಸವರಾಜ ಸರ್ ಅವರಿಗೆ ಶಾಲು, ಹಣ್ಣುಬುಟ್ಟಿ. ಅವರು ಕಲಿಸಿದ ವಿದ್ಯೆ ಒಂದು ಪ್ರಾಣ ಉಳಿಸಿತು ಎಂದು ಭಾಷಣ. ಅದು ನಿಜವೇ. ಆನೆ ಅವರದೇ. ನಾನೂ ಚಪ್ಪಾಳೆ ತಟ್ಟಿದೆ.

ಅದಾದ ವಾರ ಅಪೂರ್ವಾ ಪ್ರವಾಸದ ವಿಡಿಯೊಗಳನ್ನು ಕಳಿಸಿದಳು. ಒಂದರಲ್ಲಿ ದೋಣಿ, ಬಾಲ್ದಿ, ಸಾಲಾಗಿ ನಿಂತ ಅತಿಥಿಗಳು. ನಿಖಿಲ್ ಕಿಸೆ ಮಗುಚುತ್ತಾನೆ, ಖಾಲಿ. ಅಪೂರ್ವಾಳ ಕಿಸೆಯಿಂದ ಬಿದ್ದ ಹವಳದ ಚೂರನ್ನು ಸರ್ ಎತ್ತಿ ನೀರಿಗೆ ಎಸೆಯುತ್ತಾರೆ. ಸುಧಾಕರಣ್ಣನ ಸರದಿ. ಅವರು ಕಿಸೆಗೆ ಕೈ ಹಾಕುವ ಮೊದಲೇ ಸರ್ ಹೊರಗಿನಿಂದ ಕಿಸೆಯನ್ನು ತಟ್ಟುತ್ತಾರೆ. ಸರ್ ಅವರ ಕೈ ಅಲ್ಲೇ ನಿಲ್ಲುತ್ತದೆ. ಆಮೇಲೆ, "ಸೇಠರ ಕಿಸೆ ಯಾವಾಗಲೂ ತುಂಬಿದ್ದ ಇರತೈತ್ರಿ!" ಎಂದು ನಗುತ್ತಾರೆ. ಎಲ್ಲರೂ ನಗುತ್ತಾರೆ. ಸರ್ ಮುಂದಿನವರ ಹತ್ತಿರ ಹೋಗುತ್ತಾರೆ.

ಇದನ್ನು ನಾನು ಎಷ್ಟು ಸಲ ನೋಡಿದೆನೋ. ಪ್ರತಿವಾದ ನನಗೂ ಗೊತ್ತು. ಕಿಸೆಯಲ್ಲಿ ಟಾರ್ಚ್ ಇದೆ ಎಂದುಕೊಂಡಿರಬಹುದು. ದೋಣಿ ಅಲುಗಿ ಕೈ ನಿಂತಿರಬಹುದು. ವಿಡಿಯೊ ಕೈಯನ್ನು ತೋರಿಸುತ್ತದೆ, ಕೈಗೆ ತಿಳಿದದ್ದನ್ನು ತೋರಿಸುವುದಿಲ್ಲ. ಯಾವ ನ್ಯಾಯಾಧೀಶರೂ ಇದನ್ನು ಪುರಾವೆ ಎನ್ನಲಾರರು.

ಬೇಡವೆನಿಸಿದರೂ ಶಾರದಕ್ಕನಿಗೆ ತೋರಿಸಿದೆ. ಆಕೆಗೆ ತಿಳಿಯುವ ಹಕ್ಕಿತ್ತು. ಬಲಗೈಯ ಬೆರಳುಗಳಿಗೆ ಇನ್ನೂ ಪೂರ್ತಿ ಸ್ಪರ್ಶ ಬಂದಿರಲಿಲ್ಲ, ಎಡಗೈಯಲ್ಲಿ ಫೋನ್ ಹಿಡಿದು ನೋಡಿದರು. ಮುಗಿದ ಮೇಲೆ ಫೋನನ್ನು ನನಗೆ ವಾಪಸು ಕೊಟ್ಟರು. "ಇವರು ಗೊತ್ತಿಲ್ಲದೆ ತಂದ್ರು. ಇವರಿಗೆ ಮಂಡೆ ಇಲ್ಲ, ಬಿಡು. ಆದ್ರೆ ಗೊತ್ತಿದ್ದವರು ಗೊತ್ತಿದ್ದೂ ಬಿಟ್ರಾ ಅಂತ ನಂಗೆ ಗೊತ್ತಾಗ್ಬೇಕು. ನೀನು ಕೇಳ್ತೀಯಾ, ನಾನು ಹೋಗಿ ಕೇಳ್ಲಾ?"

ನಾನೇ ಹೋದೆ. ಐರೋಲಿಯ ಕೊಳದ ಅಂಚಿನಲ್ಲಿ ಸರ್ ಡೈವಿಂಗ್ ಮುಖಗವಸುಗಳನ್ನು ಸಾಲಾಗಿಟ್ಟು ಒರೆಸುತ್ತಿದ್ದರು. ನೀರಿನ ತಳದಲ್ಲಿ ಸ್ಟೀಲ್ ಜುಂಗು, ಬಾಚಣಿಗೆ, ಎಲ್ಲ ಹೊಸ ತಂಡಕ್ಕಾಗಿ ಸಿದ್ಧ. ಹೋಟೆಲಿನ ಮೇಲಿನ ಮಾಳಿಗೆಯಿಂದ ಸುಧಾಕರಣ್ಣ ನಮ್ಮಿಬ್ಬರಿಗೂ ಚಹಾ ಕಳಿಸಿದ್ದರು.

"ಬಾ ಅವ್ವಾ. ಕಿವಿ ಹ್ಯಾಂಗೈತಿ?"

"ಹಾಗೇ ಇದೆ ಸರ್. ಅಪೂರ್ವಾ ಕಳಿಸಿದ ವಿಡಿಯೊ ನೋಡಿದಿರಾ?"

"ನೋಡೇನಿ."

"ಬಾಲ್ದಿ ಇರುವುದು?"

"ಹೂಂ, ನೋಡೇನಿ ಅಂದ್ನೆಲ್ಲ." ಅವರು ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. "ಈ ಕೊಳಾ ಇಲ್ಲಂದ್ರ ಈ ಶಾಲಿ ಇಲ್ಲ, ಸ್ವಾತಿ. ನಿನಗ ಗೊತ್ತೈತಿ."

"ಗೊತ್ತು ಸರ್. ನಾನು ಕೊಳದ ಮಾತು ಕೇಳಲಿಕ್ಕೆ ಬರಲಿಲ್ಲ. ಆ ಚಿಪ್ಪನ್ನು ಕತ್ತಲಲ್ಲಿ ಮುಟ್ಟಿದರೂ ಗುರುತು ಹಿಡಿಯುತ್ತೇನೆ ಎಂದವರು ನೀವು. ಅವತ್ತು ಸುಧಾಕರಣ್ಣನ ಕಿಸೆಯ ಮೇಲೆ ನಿಮ್ಮ ಕೈ ನಿಂತಿತಲ್ಲ, ಒಳಗಿರುವುದು ಏನು ಅಂತ ಆಗ ನಿಮಗೆ ತಿಳಿದಿತ್ತಾ?"